ಪೆಟ್ ಸ್ಕ್ಯಾನ್‌ಗೆ ಮುಂಚೆ ಮೈಮೇಲಿನ ಗಾಯ ನೋಡಿಕೊಳ್ಳಿ

ಮಂಡ್ಯ ಸೀಮೆಯ ನಮಗೆ ಸಕ್ಕರೆ ಹೊಸದೇನಲ್ಲ. ಆದರೂ ಪಾಂಡವಪುರದ ನಮ್ಮ ಅತ್ತಿಗೆಗೆ ಮೈಸೂರಿನಲ್ಲಿ ‘ಸ್ಕ್ಯಾನ್‌ಗೆ ಮೊದಲು ಸಕ್ಕರೆ ಇಂಜೆಕ್ಷನ್ ಕೊಡ್ತೀವಿ’ ಎಂದಾಗ ಕೈಕಾಲು ತಣ್ಣಗಾಯಿತಂತೆ. ‘ಇರೋ ಶುಗರ್ ಸಾಲದೇನಮ್ಮ?’ ಅಂದರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ತಪಾಸಣೆಗೆ ಹೋಗಿದ್ದರು. ವರದಿಯಲ್ಲಿ ತೊಡೆಯ ಚರ್ಮದ ಮೇಲೆ ಒಂದು ಚುಕ್ಕೆ ‘ಹೊಳೆಯುತ್ತಿದೆ’ ಅಂತ ಬಂತು. ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಏನಿದು ಹೊಳಪು? ವಿಕಿರಣ ಬೆರೆತ ಚೂರೇ ಚೂರು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಾರೆ. ಅದರಿಂದ ಶುಗರ್ ಏರುವುದಿಲ್ಲ. ಯಾವ ಜೀವಕೋಶ ಹೆಚ್ಚು ಸಕ್ಕರೆ ತಿನ್ನುತ್ತದೋ ಅದು ಚಿತ್ರದಲ್ಲಿ ಬೆಳಗುತ್ತದೆ. ಅದಕ್ಕೊಂದು ಅಂಕಿಯಿದೆ, ಎಸ್‌ಯುವಿ. ಸಕ್ಕರೆ ಮೈಯೆಲ್ಲ ಸಮನಾಗಿ ಹರಡಿದರೆ ಎಲ್ಲೆಡೆ 1 ಬರಬೇಕು. ಮಿದುಳಿನಲ್ಲಿ ಅದರ ಹಲವು ಪಟ್ಟು, ಲಿವರ್‌ನಲ್ಲಿ 2ರ ಆಸುಪಾಸು. ಆರೋಗ್ಯವಾದ ಚರ್ಮ ಮಾತ್ರ ಮಿತಾಹಾರಿ. ಸಾಮಾನ್ಯವಾಗಿ 1ರ ಸುತ್ತಮುತ್ತ ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಚರ್ಮದಲ್ಲಿ ಏನೇ ಬೆಳಗಿದರೂ ಎದ್ದು ಕಾಣುತ್ತದೆ.

ಆದರೆ ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ. ಕುರು, ಕೀವು, ಸುಟ್ಟ ಗಾಯ, ಹೊಸ ಹೊಲಿಗೆ ಕೂಡ ಸಕ್ಕರೆ ಎಳೆಯುತ್ತವೆ. ಅತ್ತಿಗೆಯದು ಕುರು! ನಾಚಿಕೆಯಿಂದ ಹೇಳಿರಲಿಲ್ಲ. ವೈದ್ಯರು ಕಣ್ಣಾರೆ ನೋಡಿದ ಮೇಲೆ ಸಮಾಧಾನವಾಯಿತು. ಬಟ್ಟೆಗೋ ಚರ್ಮಕ್ಕೋ ತಾಗಿದ ಒಂದು ಹನಿ ಮೂತ್ರವೂ ಹೀಗೇ ಮೋಸ ಮಾಡುತ್ತದೆ, ಏಕೆಂದರೆ ಔಷಧಿ ಹೊರಹೋಗುವುದು ಅದರಲ್ಲೇ. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ, ಕಂಕುಳ ಗ್ರಂಥಿ ಬೆಳಗಬಹುದು.

ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಮೈಸೂರಿಗೋ ಬೆಂಗಳೂರಿಗೋ ಹೊರಡುವವರು ಸಮಯಕ್ಕೆ ಮುಂಚೆಯೇ ತಲುಪಿ. ಈ ಔಷಧಿ 110 ನಿಮಿಷಕ್ಕೆ ಅರ್ಧ ಕರಗಿಹೋಗುತ್ತದೆ. ಬಸ್ಸು ತಪ್ಪಿತು ಅಂದರೆ ಅದು ಕಾಯೋದಿಲ್ಲ. ನಾಲ್ಕರಿಂದ ಆರು ಗಂಟೆ ಉಪವಾಸ, ಬರೀ ನೀರು. ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಒಂದೇ ಒಂದು ಕಾಫಿ ಅಂತ ಆಸೆಪಟ್ಟರೆ ಆ ದಿನ ಕೆಟ್ಟಂತೆ! ಶುಗರ್ 200 ದಾಟಿದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಮಾತ್ರೆ, ಇನ್ಸುಲಿನ್ ಯಾವಾಗ ಎಂದು ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಬೆಳಗಿನ ಚಳಿಗೆ ಸ್ವೆಟರ್ ಇರಲಿ, ಚಳಿಗೆ ಕತ್ತಿನ ಸುತ್ತಲ ಕಂದು ಕೊಬ್ಬು ಬೆಳಗುತ್ತದೆ. ಇಂಜೆಕ್ಷನ್ ನಂತರದ ಒಂದು ಗಂಟೆ ಸುಮ್ಮನೆ ಒರಗಿರಿ. ಎಲೆಯಡಿಕೆ ಬೇಡ, ಹರಟೆಯೂ ಬೇಡ. ದವಡೆ, ಗಂಟಲಿನ ಸ್ನಾಯುಗಳೂ ಸಕ್ಕರೆ ಕದಿಯುತ್ತವೆ! (ನಮ್ಮಂಥವರಿಗೆ ಇದೇ ಕಷ್ಟ.) ಸ್ಕ್ಯಾನ್‌ಗೆ ಮೊದಲು ಮೂತ್ರ ಮಾಡಿ ಚೆನ್ನಾಗಿ ತೊಳೆದುಕೊಳ್ಳಿ. ಗರ್ಭಿಣಿ ಇರಬಹುದೆಂಬ ಅನುಮಾನವಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಮೊದಲೇ ತಿಳಿಸಿ.

ಇನ್ನೊಂದು. ಮಚ್ಚೆ ದೊಡ್ಡದಾಗಿದೆ ಅಂತ ಪೆಟ್ ಸ್ಕ್ಯಾನ್‌ಗೆ ಓಡಬೇಡಿ. ಅದು ದುಬಾರಿ, ಮೇಲಾಗಿ ನಾಲ್ಕೈದು ಮಿಲಿಮೀಟರ್‌ಗಿಂತ ಚಿಕ್ಕದು ಅದಕ್ಕೆ ಸರಿಯಾಗಿ ಕಾಣಿಸದು. ಬಣ್ಣ ಬದಲಾದ, ರಕ್ತ ಒಸರುವ ಮಚ್ಚೆಯನ್ನೂ, ಅಂಗಾಲಿನ ಅಥವಾ ಉಗುರಿನಡಿಯ ಹೊಸ ಕಪ್ಪು ಗುರುತನ್ನೂ ಮೊದಲು ಚರ್ಮದ ವೈದ್ಯರಿಗೆ ತೋರಿಸಿ. ಮಂಡ್ಯದ ಮಿಮ್ಸ್‌ನಲ್ಲೂ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ. ಅನುಮಾನ ಬಂದರೆ ಅವರೇ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.