ಅನ್ನವನ್ನು ಕಡಿಮೆ ಮಾಡುವವರ ಊಟ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಅಜ್ಜಿಯರೂ ಆಗಿರುತ್ತಾರೆ. ಮಧುಮೇಹದ ದೆಸೆಯಿಂದಲೋ ಸ್ಥೂಲಕಾಯದ ದೆಸೆಯಿಂದಲೋ ಅನ್ನವನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದಾಗ, ಏನನ್ನು ಬಿಡಬೇಕೆಂಬುದು ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಬದಲಾಗಿ ಏನನ್ನು ಉಣ್ಣಬೇಕೆಂಬುದು ಮಾತ್ರ ತಿಳಿಯದು. ಆದಕಾರಣ ಆ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆದಿದೆ.

ಈ ಪಥ್ಯವು ಹೊಸದಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ರೊಟ್ಟಿ, ಸಕ್ಕರೆ, ಆಲೂಗಡ್ಡೆಗಳನ್ನು ತೊರೆದು ಮೈ ಇಳಿಸಿಕೊಂಡ ವೃತ್ತಾಂತವನ್ನು 1863ರಲ್ಲಿಯೇ ಅಚ್ಚುಮಾಡಿಸಿದರು. 1922ರಲ್ಲಿ ಇನ್ಸುಲಿನ್ ಔಷಧವು ರೋಗಿಗಳಿಗೆ ದೊರೆಯಲಾರಂಭಿಸುವುದಕ್ಕೆ ಮುಂಚೆ ಮಧುಮೇಹಿಗಳಿಗೆ ಪಥ್ಯವೇ ಮುಖ್ಯ ಚಿಕಿತ್ಸೆಯಾಗಿತ್ತು.

ಧಾನ್ಯಗಳಲ್ಲಿರುವ ಪಿಷ್ಟವು ಜೀರ್ಣವಾದ ಮೇಲೆ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಪಿಷ್ಟ ಸಕ್ಕರೆಗಳೆರಡನ್ನೂ ಕೂಡಿಸಿ ಶರ್ಕರಪಿಷ್ಟವೆನ್ನುವರು. ಇಲ್ಲಿ ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಅನ್ನವನ್ನು ಬಿಟ್ಟು ಮುದ್ದೆಯನ್ನಾಗಲಿ ಚಪಾತಿಯನ್ನಾಗಲಿ ಹೊಟ್ಟೆತುಂಬ ತಿಂದರೆ ಪಥ್ಯವಾಯಿತೆಂದು ಭಾವಿಸುತ್ತಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ರಾಗಿ ಗೋಧಿಗಳಲ್ಲಿ ಸುಮಾರು 70 ಗ್ರಾಂ ಇರುತ್ತದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚೆಂಬುದು ನಿಜ. ಆದರೆ ಅಳತೆ ತಗ್ಗದಿದ್ದರೆ ಪ್ರಯೋಜನವು ಸ್ವಲ್ಪವೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2025ರಲ್ಲಿ ಪ್ರಕಟವಾದ ಸಮೀಕ್ಷೆಯೂ ಇದನ್ನೇ ತೋರಿಸಿತು.

ಹಾಗಾದರೆ ತಟ್ಟೆಯನ್ನು ಹೇಗೆ ತುಂಬುವುದು? ಮೊದಲು ಅರ್ಧ ತಟ್ಟೆಯಷ್ಟು ಪಲ್ಯ ಬಡಿಸಿಕೊಳ್ಳಿರಿ. ಹರಿವೆ, ಮೆಂತ್ಯ, ಬಸಳೆ ಮೊದಲಾದ ಸೊಪ್ಪುಗಳೂ, ಹೀರೆ, ಸೋರೆ, ಪಡವಲ, ಹಾಗಲ, ಬೆಂಡೆ, ಬದನೆ, ಎಲೆಕೋಸು, ಸೌತೆಗಳೂ ಇದಕ್ಕೆ ಯೋಗ್ಯವಾದವು. ಆಲೂಗಡ್ಡೆ, ಗೆಣಸು, ಮರಗೆಣಸುಗಳನ್ನು ತರಕಾರಿಯೆಂದು ಎಣಿಸದೆ ಅನ್ನದ ಲೆಕ್ಕಕ್ಕೆ ಸೇರಿಸಬೇಕು.

ಎರಡನೆಯದು ಸಸಾರಜನಕ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದ್ದು ಶರ್ಕರಪಿಷ್ಟವು ಇಲ್ಲವೆನ್ನುವಷ್ಟು ಕಡಿಮೆ. ಬಂಗುಡೆ, ಬೂತಾಯಿ ಮುಂತಾದ ಮೀನುಗಳೂ ಕೋಳಿಯ ಮಾಂಸವೂ ಹಾಗೆಯೇ. ಶಾಕಾಹಾರಿಗಳಿಗೆ ಪನೀರು, ಮೊಸರು, ನೆಲಗಡಲೆ, ಸೋಯಾ ಅವರೆಗಳುಂಟು. ಬೇಳೆಕಾಳುಗಳಲ್ಲಿ ಸಸಾರಜನಕದೊಡನೆ ಪಿಷ್ಟವೂ ಇರುವುದರಿಂದ ಅವುಗಳನ್ನು ಅನ್ನದ ಜೊತೆಗೆ ಹೆಚ್ಚಿಸದೆ, ಅನ್ನದ ಸ್ಥಾನದಲ್ಲಿ ಉಪಯೋಗಿಸಬೇಕು. ತೆಂಗಿನತುರಿಯನ್ನೂ ಎಣ್ಣೆಯನ್ನೂ ಮಿತವಾಗಿ ಬಳಸಬಹುದು. ಹಣ್ಣುಗಳಲ್ಲಿ ಸೀಬೆ, ನೆಲ್ಲಿಕಾಯಿ ಒಳ್ಳೆಯವು. ಮಜ್ಜಿಗೆಯೂ ನೀರೂ ಪಾನಕ್ಕೆ ಸಾಕು. ಚಹಾ ಕಾಫಿಗಳ ಸಕ್ಕರೆಯನ್ನು ಎಲ್ಲಕ್ಕಿಂತ ಮೊದಲು ಬಿಡತಕ್ಕದ್ದು.

ಆರಂಭದಲ್ಲಿ ಮೂರು ಹಿಡಿ ಅನ್ನ ಉಣ್ಣುವವರು ಎರಡಕ್ಕೆ, ಕೆಲವು ದಿನಗಳಾದ ಮೇಲೆ ಒಂದಕ್ಕೆ ಇಳಿಯುವುದು ಲೇಸು. ಮೊದಲ ವಾರದಲ್ಲಿ ತಲೆನೋವು, ಆಯಾಸಗಳು ತೋರಬಹುದು. ಆ ವಾರ ಇಳಿಯುವ ತೂಕದಲ್ಲಿ ಬಹುಭಾಗವು ನೀರೇ. ಆದುದರಿಂದ ಹಿಗ್ಗಲೂ ಬೇಡ, ಮುಂದೆ ನಿಧಾನವಾದರೆ ಕುಗ್ಗಲೂ ಬೇಡ. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಈ ಪಥ್ಯವನ್ನು ಹಿಡಿಯಕೂಡದು. ಔಷಧದ ಅಳತೆಯನ್ನು ತಗ್ಗಿಸದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುವುದುಂಟು. ಗರ್ಭಿಣಿಯರೂ ಮೂತ್ರಪಿಂಡದ ರೋಗಿಗಳೂ ವೈದ್ಯರನ್ನು ಮೊದಲೇ ಕೇಳಬೇಕು.

ಕಡೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ತಾಯಿಯು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಾಳೆ. ಅಷ್ಟರಲ್ಲಿ ಪಲ್ಯವೂ ಮೀನೂ ಮುಗಿದು, ಅವಳ ಪಾಲಿಗೆ ಉಳಿಯುವುದು ಅನ್ನವೂ ತಿಳಿಸಾರೂ ಮಾತ್ರ. ಇಂಥವಳಿಗೆ ಅನ್ನವನ್ನು ಬಿಡೆಂದರೆ ಅದು ಪಥ್ಯವಲ್ಲ, ಉಪವಾಸ. ಆದುದರಿಂದ ಪಥ್ಯವು ತಾಯಿಯದಾದರೂ ಅದರ ಭಾರವು ಮನೆಯವರೆಲ್ಲರದು. ಊಟಕ್ಕೆ ಕುಳಿತು ದೇವರಿಗೆ ಸ್ತೋತ್ರ ಸಲ್ಲಿಸುವಾಗ ಅವಳ ತಟ್ಟೆಯೂ ಮೇಜಿನ ಮೇಲಿರಲಿ. ಮೊಟ್ಟೆಯಲ್ಲಿಯೂ ಪಲ್ಯದಲ್ಲಿಯೂ ಅವಳ ಪಾಲು ಮೊದಲೇ ತೆಗೆದಿಟ್ಟಿರಲಿ.