ಗಣಕಯಂತ್ರದ ಕಿಂಡಿಯನ್ನು ಕಾಯುವವರು ಯಾರು?

ತುರುವನೂರಿನಿಂದ ಚಿತ್ರದುರ್ಗದ ಕೋಟೆಗೆ ಹೋದ ವಿದ್ಯಾರ್ಥಿಗಳು ಒನಕೆ ಓಬವ್ವನ ಕಿಂಡಿಯನ್ನು ನೋಡದೆ ಹಿಂದಿರುಗುವುದಿಲ್ಲ. ಏಳು ಸುತ್ತಿನ ಕೋಟೆಯಿದ್ದರೂ ಹೈದರಾಲಿಯ ಸೈನಿಕರು ಈ ಕಿಂಡಿಯಿಂದ ನುಸುಳತೊಡಗಿದರೆಂದೂ, ಓಬವ್ವ ಒನಕೆ ಹಿಡಿದು ಅವರನ್ನು ತಡೆದಳೆಂದೂ ಪ್ರತೀತಿ. ನಮ್ಮ ಶಾಲೆ ಕಾಲೇಜುಗಳ ಗಣಕಯಂತ್ರಗಳಿಗೂ ಇಂತಹದೊಂದು ಕಿಂಡಿಯುಂಟು. ಅದನ್ನು ಕಾಯುವ ಬಗೆ ಹೇಗೆಂಬುದನ್ನು ನೋಡೋಣ.

ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಯಂತ್ರದ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಅದು ಡಿಸ್ಕಿನಿಂದ ಬೂಟ್ ಲೋಡರನ್ನು ಕರೆಯುತ್ತದೆ. ಲಿನಕ್ಸ್ ಗಣಕಗಳಲ್ಲಿ ಇದು ಸಾಮಾನ್ಯವಾಗಿ ‘ಗ್ರಬ್’. ಗ್ರಬ್ ಕರ್ನಲನ್ನು ಸ್ಮರಣೆಗೆ ತರುತ್ತದೆ. ಕರ್ನಲ್ ಮೊದಲ ಪ್ರೋಗ್ರಾಮನ್ನು ನಡೆಸುತ್ತದೆ. ಅದು ಉಳಿದ ಸೇವೆಗಳನ್ನು ಆರಂಭಿಸುತ್ತದೆ. ಹೆಸರನ್ನೂ ಗುಪ್ತಪದವನ್ನೂ ಕೇಳುವ ಪರದೆ ಬರುವುದು ಆ ಬಳಿಕ. ಎಂದರೆ, ಕಾವಲುಗಾರನು ಕೆಲಸಕ್ಕೆ ಬರುವುದೇ ಎಲ್ಲರಿಗಿಂತ ಕಡೆಯಲ್ಲಿ!

ಡಿಸ್ಕು ಕೆಟ್ಟಾಗ, ಗುಪ್ತಪದ ಮರೆತಾಗ, ಈ ಕಾವಲುಗಾರನಿಗೆ ಮುಂಚೆಯೇ ಒಳಹೋಗುವ ದಾರಿ ಬೇಕಾಗುತ್ತದೆ. ಅದೇ ದುರಸ್ತಿ ಸ್ಥಿತಿ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಪರಂಪರೆಯಿಂದ ಇದು ಲಿನಕ್ಸಿಗೆ ಬಂದಿದೆ. ಹಿಂದೆ ಯಂತ್ರವಿದ್ದ ಕೋಣೆಗೇ ಬೀಗವಿರುತ್ತಿತ್ತು. ಎದುರು ಕುಳಿತವನನ್ನು ನಂಬಬಹುದಿತ್ತು. ಇಂದು ಯಂತ್ರವು ಎಲ್ಲರ ಕೈಗೆಟಕುವ ಮೇಜಿನ ಮೇಲಿದೆ. ಕೆಲವು ವ್ಯವಸ್ಥೆಗಳು ದುರಸ್ತಿ ಸ್ಥಿತಿಯಲ್ಲಿ ಯಾವ ಗುಪ್ತಪದವನ್ನೂ ಕೇಳದೆ ನಿರ್ವಾಹಕನ ಸಕಲಾಧಿಕಾರವನ್ನು ಒಪ್ಪಿಸಿಬಿಡುತ್ತವೆ. ಅಂಕಪಟ್ಟಿಗಳಿರುವ ಗಣಕವಾದರೆ ಪರಿಣಾಮವನ್ನು ವಾಚಕರೇ ಊಹಿಸಬಹುದು.

ಮೊದಲ ಉಪಾಯ, ದುರಸ್ತಿ ಸ್ಥಿತಿಯಲ್ಲಿಯೂ ನಿರ್ವಾಹಕನ ಗುಪ್ತಪದ ಕೇಳುವಂತೆ ಏರ್ಪಡಿಸುವುದು. ಆದರೆ ಗ್ರಬ್‌ನ ಆದೇಶವನ್ನು ತಿದ್ದಿ, ಮೊದಲ ಪ್ರೋಗ್ರಾಮಿನ ಬದಲಿಗೆ ನೇರವಾಗಿ ಶೆಲ್ಲನ್ನೇ ಕರೆದರೆ ಈ ಪ್ರಶ್ನೆ ಬರುವುದೇ ಇಲ್ಲ. ಆದುದರಿಂದ ಆದೇಶ ತಿದ್ದುವುದಕ್ಕೂ ದುರಸ್ತಿಯ ಸಾಲನ್ನು ಆರಿಸುವುದಕ್ಕೂ ಗ್ರಬ್‌ನಲ್ಲಿಯೇ ಗುಪ್ತಪದವಿಡಬೇಕು. ಹೊರಗಿನಿಂದ ತಂದ ಪೆನ್‌ಡ್ರೈವಿನಿಂದ ಗಣಕವನ್ನು ಎಬ್ಬಿಸಿದರೆ ಗ್ರಬ್‌ನ ಬೀಗವೂ ವ್ಯರ್ಥ. ಅದಕ್ಕಾಗಿ ಫರ್ಮ್‌ವೇರಿಗೆ ಬೀಗ ಹಾಕಬೇಕು. ಡಿಸ್ಕನ್ನೇ ಕಳಚಿ ಒಯ್ದರೆ? ಆಗ ನೆರವಾಗುವುದು ಗೂಢಲಿಪೀಕರಣವೊಂದೇ. ಕೀಲಿಯಿಲ್ಲದವನಿಗೆ ಅಲ್ಲಿ ಕಾಣುವುದು ಅರ್ಥವಿಲ್ಲದ ಅಂಕೆಗಳ ರಾಶಿ ಮಾತ್ರ.

ಪ್ರತಿಯೊಂದು ಬೀಗವೂ ತನ್ನ ನಂತರದ ಮೆಟ್ಟಿಲುಗಳನ್ನು ಮಾತ್ರ ಕಾಯಬಲ್ಲುದು, ಹಿಂದಿನದನ್ನಲ್ಲ. ಇದೇ ಇಲ್ಲಿಯ ತತ್ತ್ವ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಗೂಢಲಿಪಿಯ ಕೀಲಿ ಕಳೆದರೆ ಯಜಮಾನನಿಗೂ ಒಳಗೆ ಪ್ರವೇಶವಿಲ್ಲ. ಕಿಂಡಿಯನ್ನು ಮುಚ್ಚುವ ಮುನ್ನ ಕೀಲಿಯ ಪ್ರತಿಯನ್ನೂ ಕಡತಗಳ ನಕಲನ್ನೂ ಬೇರೆಡೆ ಭದ್ರವಾಗಿರಿಸುವುದು ವಿವೇಕ.