ಬಿಸಿಲಿಗೊಂದು ಮಣ್ಣಿನ ಮರೆ

ರಾಮನಗರದ ಬಂಡೆಗಳಿಗೆ ಬಿಸಿಲೆಂದರೆ ಭಯವಿಲ್ಲ. ಊರಿನ ಹಳೆಯ ಹೆಸರನ್ನೇ ಹಿಡಿದು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಆ ಶಿಲೆ ಹುಟ್ಟಿ ಸುಮಾರು 250 ಕೋಟಿ ವರ್ಷಗಳಾದುವು. ಮಾಗಡಿಯ ಸಾವನದುರ್ಗವೂ ಅದೇ ಕುಲದ್ದು. ಹಗಲೆಲ್ಲ ಕಾದು, ಇರುಳಾದ ಮೇಲೆ ಆ ಕಾವನ್ನು ಬುಡದ ಊರುಗಳಿಗೆ ಹಂಚುವುದು ಅವಕ್ಕೆ ರೂಢಿಯಾದ ಕೆಲಸ. ಬಂಡೆಯ ಬುಡದಲ್ಲಿ ಬಾಳುವ ಮನುಷ್ಯನ ಚರ್ಮ ಮಾತ್ರ ಕಲ್ಲಲ್ಲ. ಅದನ್ನು ಕಾಯುವ ಬಗೆ ಯಾವುದು, ಅದಕ್ಕಾಗಿ ಅಂಗಡಿಯಲ್ಲಿ ಮಾರುವ ಲೇಪಗಳಲ್ಲಿ ಯಾವುದನ್ನು ನಂಬಬಹುದು ಎಂಬುದು ಪಟ್ಟಣದ ಷೋಕಿಯ ಪ್ರಶ್ನೆಯೆಂದು ಬಹುಕಾಲ ತಳ್ಳಿಹಾಕಿದ್ದೇವೆ. ಹೊಲದಲ್ಲಿ ದುಡಿಯುವವರಿಗೂ, ಬೆಳಗಿನ ಪ್ರಾರ್ಥನೆಗೆ ಬಯಲಿನಲ್ಲಿ ನಿಲ್ಲುವ ಮಕ್ಕಳಿಗೂ, ದ್ವಿಚಕ್ರವಾಹನದಲ್ಲಿ ಹತ್ತಾರು ಮೈಲಿ ಓಡಾಡುವ ಉಪಾಧ್ಯಾಯರಿಗೂ ಸೇರಿದ ಪ್ರಶ್ನೆ ಅದು.

ಸೆಕೆಯಾದರೆ ಮಾತ್ರ ಬಿಸಿಲು ಕೆಟ್ಟದ್ದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಸೆಕೆ ತರುವ ಕಿರಣ ಬೇರೆ, ಚರ್ಮವನ್ನು ಕೆಡಿಸುವ ಕಿರಣ ಬೇರೆ. ಎರಡನೆಯದು ನೇರಳಾತೀತ ಕಿರಣ. ಕಣ್ಣಿಗೆ ಕಾಣದು, ಮೈಗೆ ಬಿಸಿಯಾಗಿ ತಾಕದು. ಅದರಲ್ಲಿ ಯುವಿ-ಬಿ ಎಂಬುದು ಮೇಲ್ಚರ್ಮವನ್ನು ಸುಟ್ಟು ಕೆಂಪಾಗಿಸುತ್ತದೆ. ಯುವಿ-ಎ ಇನ್ನೂ ಆಳಕ್ಕಿಳಿದು ಸುಕ್ಕನ್ನೂ ಕಪ್ಪು ಕಲೆಯನ್ನೂ ತರುತ್ತದೆ. ಕಿಟಕಿಯ ಗಾಜು ಮೊದಲನೆಯದನ್ನು ತಡೆದೀತು, ಎರಡನೆಯದರ ಬಹುಭಾಗವನ್ನು ಒಳಗೆ ಬಿಟ್ಟುಕೊಡುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಹನ್ನೆರಡೂವರೆ ಮತ್ತು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಆದಕಾರಣ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ನಡುಭಾಗದಲ್ಲಿ ಇನ್ನೊಮ್ಮೆ, ಸೂರ್ಯ ನೆತ್ತಿಯ ಮೇಲೆಯೇ ಬಂದು ನಿಂತು ಮನುಷ್ಯನ ನೆರಳನ್ನು ಅವನ ಕಾಲಡಿಗೇ ಸೇರಿಸಿಬಿಡುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚ್ಯಂಕದಲ್ಲಿ 3 ದಾಟಿದರೆ ರಕ್ಷಣೆ ಬೇಕು, 11 ಮುಟ್ಟಿದರೆ ಅತ್ಯುಗ್ರ. ನಮ್ಮ ಏಪ್ರಿಲಿನ ಮೋಡವಿಲ್ಲದ ನಡುಹಗಲು ಆ 11ನ್ನು ಸಲೀಸಾಗಿ ದಾಟುತ್ತದೆ. ಯಂತ್ರ ಬೇಡ, ಅಂಕಿಯೂ ಬೇಡ ಎನ್ನುವವರು ತಮ್ಮ ನೆರಳನ್ನೇ ನೋಡಿಕೊಳ್ಳಬಹುದು. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಚರ್ಮಕ್ಕೆ ಒಳ್ಳೆಯದಲ್ಲ.

ಈ ಸೀಮೆಯಲ್ಲಿ ಬಿಸಿಲಿನ ವಿಷಯದಲ್ಲಿ ಬಹಳ ಎಚ್ಚರದಿಂದ ಸಾಕುವ ಜೀವ ಒಂದುಂಟು; ಅದು ರೇಷ್ಮೆಹುಳು. ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ಬೆಳಗಿನ ಇಲ್ಲವೆ ಸಂಜೆಯ ತಂಪಿನಲ್ಲಿ ಕೊಯ್ಯುತ್ತಾರೆ; ಒದ್ದೆ ಗೋಣಿಯ ಮರೆಯಲ್ಲಿ ಇಡುತ್ತಾರೆ; ಹುಳುಮನೆಯ ಕಾವು ಏರದಂತೆ ನೋಡುತ್ತಾರೆ; ಗೂಡು ಕಟ್ಟುವ ಹುಳುಗಳಿರುವ ಚಂದ್ರಿಕೆಗೆ ನೇರ ಬಿಸಿಲು ತಾಕಗೊಡುವುದಿಲ್ಲ. ಹುಳುವಿಗೆ ತೋರುವ ಈ ಅಕ್ಕರೆಯಲ್ಲಿ ಕಾಲುಭಾಗವನ್ನಾದರೂ ಹುಳು ಸಾಕುವವಳ ಮುಖಕ್ಕೆ ತೋರಿದವರು ಯಾರು? ಸೊಪ್ಪಿನ ಕೆಲಸ ಮುಗಿಸಿ ಆಕೆ ಕಳೆ ಕೀಳಲು ಹೋಗುತ್ತಾಳೆ. ಮಾವಿನ ಕಾಯಿ ಇಳಿಸುವ ದಿನಗಳಲ್ಲಿ ತೋಪಿಗೆ ಹೋಗುತ್ತಾಳೆ. ಸೂರ್ಯ ನೆತ್ತಿಗೆ ಬರುವ ಕಾಲವೂ ಮಾವಿನ ಸುಗ್ಗಿಯೂ ಒಂದೇ ಎಂಬುದು ಅವಳ ದುರದೃಷ್ಟ.

ನಮ್ಮ ಹಿರಿಯರಿಗೆ ಲೇಪ ಗೊತ್ತಿರಲಿಲ್ಲ, ಬಟ್ಟೆ ಗೊತ್ತಿತ್ತು. ತಲೆಗೆ ಸುತ್ತಿದ ವಸ್ತ್ರ, ಹಣೆಯ ಮುಂದಕ್ಕೆ ಎಳೆದ ಸೆರಗು, ಕಂಬಳಿಯ ಕೊಪ್ಪೆ, ಹೊಂಗೆಯ ನೆರಳು, ಹೊತ್ತೇರುವ ಮುನ್ನ ಅರ್ಧ ಕೆಲಸ ಮುಗಿಸುವ ಪದ್ಧತಿ, ಇವುಗಳನ್ನು ಮೀರಿಸುವ ಔಷಧವನ್ನು ಇಂದಿನ ಚರ್ಮವೈದ್ಯರೂ ಕಂಡುಹಿಡಿದಿಲ್ಲ. ಒತ್ತಾಗಿ ನೇಯ್ದ ಬಟ್ಟೆ ಬೆವರಿಗೆ ಕರಗಿ ಹೋಗದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳೆನ್ನದು. ಲೇಪ ಬೇಕಾಗುವುದು ಬಟ್ಟೆ ಮುಚ್ಚಲಾರದ ಕಡೆಗೆ: ಮೂಗು, ಕೆನ್ನೆಯ ಏರು, ಕಿವಿ, ಕುತ್ತಿಗೆಯ ಹಿಂಭಾಗ, ಮುಂಗೈ. ಬೆಲೆಯನ್ನು ನೆನೆದರೂ ಈ ಮಿತಿ ವಿವೇಕದ್ದೇ.

ಅಂಗಡಿಯವರು ಸನ್‌ಸ್ಕ್ರೀನ್ ಎಂದು ಕರೆಯುವ ಲೇಪಗಳಲ್ಲಿ ಎರಡು ಜಾತಿ. ಒಂದರಲ್ಲಿ ಕಿರಣವನ್ನು ಹೀರುವುದು ಆಕ್ಸಿಬೆನ್ಜೋನ್, ಅವೊಬೆನ್ಜೋನ್, ಆಕ್ಟಿನಾಕ್ಸೇಟ್ ಮುಂತಾದ ಸಾವಯವ ರಾಸಾಯನಿಕಗಳು. ಇನ್ನೊಂದರಲ್ಲಿ ಆ ಕೆಲಸ ಮಾಡುವುದು ಖನಿಜಗಳು: ಜಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್. ತಾಮ್ರದೊಡನೆ ಬೆರೆತು ನಮ್ಮ ಮನೆಯ ಪಿತ್ತಳೆ ತಂಬಿಗೆಯಾಗುವ ಸತುವೇ ಈ ಜಿಂಕ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಅಲ್ಲಿ ಬಳಕೆಯಲ್ಲಿದ್ದ 16 ವಸ್ತುಗಳನ್ನು ಒರೆಗೆ ಹಚ್ಚಿತು. ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಅದು ಒಪ್ಪಿಕೊಳ್ಳಲು ಮುಂದಾದದ್ದು ಆ ಎರಡು ಖನಿಜಗಳನ್ನು ಮಾತ್ರ. ಎರಡನ್ನು ಬೇಡವೆಂದಿತು, ಉಳಿದ 12ಕ್ಕೆ ಸಾಕಷ್ಟು ಆಧಾರವಿಲ್ಲ, ಇನ್ನೂ ಪರೀಕ್ಷೆಯಾಗಬೇಕು ಎಂದಿತು. ಅದೇ ವರ್ಷ ಮತ್ತು 2020ರಲ್ಲಿ ಅದೇ ಆಡಳಿತದ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಚರ್ಮಕ್ಕೆ ಹಚ್ಚಿದ ರಾಸಾಯನಿಕಗಳು ರಕ್ತದಲ್ಲಿ ಕಂಡುಬಂದುವು. ಹೆಚ್ಚಿನ ಪರೀಕ್ಷೆ ಬೇಡವೆನ್ನಲು ಇಟ್ಟ ಮಿತಿಯನ್ನು ಅವು ದಾಟಿದ್ದುವು. 2022ರಲ್ಲಿ ಯುರೋಪು ಆಕ್ಸಿಬೆನ್ಜೋನಿನ ಪ್ರಮಾಣವನ್ನು ಮುಖದ ಲೇಪಗಳಲ್ಲಿ ಶೇಕಡ 6ಕ್ಕೆ, ಮೈಗೆಲ್ಲ ಹಚ್ಚುವ ಲೇಪಗಳಲ್ಲಿ ಶೇಕಡ 2.2ಕ್ಕೆ ಮಿತಿಗೊಳಿಸಿತು. ರಕ್ತದಲ್ಲಿ ಕಂಡಿತೆಂದ ಮಾತ್ರಕ್ಕೆ ವಿಷವೆಂದು ಸಾರುವುದು ನ್ಯಾಯವಲ್ಲ. ಅಂಥ ಲೇಪ ಹಚ್ಚಿದವರು ಬರಿಯ ಚರ್ಮದಲ್ಲಿ ನಿಂತವರಿಗಿಂತ ಸುಖಿಗಳೇ. ಆದರೆ ಮುಖಕ್ಕೆ ದಿನವೂ, ವರ್ಷಗಟ್ಟಲೆ, ಮಕ್ಕಳಿಗೂ ಬಸುರಿಯರಿಗೂ ಹಚ್ಚುವ ವಸ್ತುವಿನ ಮಾತು ಬಂದಾಗ ತಿಳಿದದ್ದನ್ನು ಆರಿಸುವುದೇ ಲೇಸೆಂದು ನನ್ನ ಮತ. ಪಾರ್ಥೇನಿಯಂ ಕಳೆಯಿಂದ ಮೈ ಕೆರೆದು, ಬಿಸಿಲು ಬಿದ್ದೊಡನೆ ಉರಿಯುವ ರೈತರು ನಮ್ಮಲ್ಲಿ ಇದ್ದಾರೆ. ಆಕ್ಸಿಬೆನ್ಜೋನಿಗೆ ತಾನೇ ಬಿಸಿಲಿನಲ್ಲಿ ಅಲರ್ಜಿ ತರುವ ದುರ್ಗುಣವುಂಟು. ಅಂಥ ಚರ್ಮಕ್ಕೆ ಖನಿಜವೇ ಸೌಮ್ಯ.

ಖನಿಜದ ಲೇಪ ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ ಎಂದು ಬಹಳ ಕಡೆ ಬರೆದಿರುವುದುಂಟು. ಹಾಗಿಲ್ಲ. 2016ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಅದು ಹಿಂದಿರುಗಿಸುವುದು ನೇರಳಾತೀತದ ಶೇಕಡ 5ರಷ್ಟನ್ನು ಮಾತ್ರ; ಉಳಿದದ್ದನ್ನು ಹೀರಿಯೇ ನಿಲ್ಲಿಸುತ್ತದೆ. ಖನಿಜಗಳೆರಡರಲ್ಲಿ ಸತುವಿನದು ಯುವಿ-ಎಯ ಬಹುಪಾಲನ್ನು ಹಿಡಿಯಬಲ್ಲುದು. ಟೈಟೇನಿಯಂ ಅಷ್ಟು ದೂರ ಕೈಚಾಚದು. ಒಂದನ್ನೇ ಆರಿಸಬೇಕಾದರೆ ಸತುವನ್ನು ಆರಿಸಬೇಕು. ನುಣ್ಣಗೆ ಅರೆದ ಕಣಗಳು ಚರ್ಮದೊಳಕ್ಕೆ ಇಳಿದಾವೆಂಬ ಅಂಜಿಕೆಯೂ ಉಂಟು. ಸಿಡ್ನಿಯ ವಿಜ್ಞಾನಿಗಳು ಗುರುತು ಹಚ್ಚಿದ ಸತುವಿನ ಲೇಪವನ್ನು ಸ್ವಯಂಸೇವಕರಿಗೆ ಐದು ದಿನ ಸಮುದ್ರತೀರದಲ್ಲಿ ಹಚ್ಚಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತಕ್ಕೆ ಸೇರಿದ ಅಂಶ, ಅಲ್ಲಿ ಮೊದಲೇ ಇರುವ ಸತುವಿನ ಮುಂದೆ ಅತ್ಯಲ್ಪ. ಪುಡಿಯಾಗಿಯೂ ತುಂತುರಾಗಿಯೂ ಉದುರಿಸುವ ಬಗೆಗಳನ್ನು ಮಾತ್ರ ದೂರವಿಡುವುದು ಒಳ್ಳೆಯದು. ಚರ್ಮಕ್ಕೆ ಸಾಧುವಾದದ್ದು ಶ್ವಾಸಕೋಶಕ್ಕೆ ಸಾಧುವಾಗಬೇಕೆಂದಿಲ್ಲ.

ಇಷ್ಟೆಲ್ಲ ಗುಣವಿರುವ ವಸ್ತುವನ್ನು ನಮ್ಮವರು ಏಕೆ ಕೊಳ್ಳುವುದಿಲ್ಲ? ಅದು ಬೆಳ್ಳಗೆ ಕಾಣುತ್ತದೆ, ಅದಕ್ಕೆ. ಕ್ರಿಕೆಟ್ ಆಟಗಾರರು ಮೂಗಿಗೂ ತುಟಿಗೂ ಸುಣ್ಣ ಬಳಿದಂತೆ ಹಚ್ಚಿಕೊಂಡು ಮೈದಾನಕ್ಕಿಳಿಯುತ್ತಿದ್ದುದನ್ನು ಓದುಗರು ಕಂಡಿರಬಹುದು, ಅದು ಸತುವೇ. ಎಣ್ಣೆಗಪ್ಪು ಮುಖದ ಮೇಲೆ ಅದು ಬೂದಿ ಬಳಿದ ಹಾಗೆ ಕಾಣುತ್ತದೆ. ಸೋಜಿಗವೆಂದರೆ, ಇದರ ಪರಿಹಾರ ನಮ್ಮ ಕಾಲಡಿಯಲ್ಲೇ ಇದೆ. ಈ ಸೀಮೆಯ ಕೆಮ್ಮಣ್ಣನ್ನು ಕೆಂಪಾಗಿಸಿರುವುದು ಕಬ್ಬಿಣದ ಆಕ್ಸೈಡು. ಗೋಡೆಗೆ ಬಳಿಯುವ ಜಾಜಿನ ಕೆಂಪೂ ಅದೇ. ಮನೆಮನೆಯಲ್ಲಿರುವ ಕ್ಯಾಲಮಿನ್ ದ್ರವ ಗುಲಾಬಿಯಾಗಿರುವುದೂ ಅದರಿಂದಲೇ. ಶುದ್ಧಿ ಮಾಡಿದ ಆ ಬಣ್ಣವನ್ನು ಸತುವಿಗೆ ಬೆರೆಸಿದರೆ ಲೇಪ ಗೋಧಿಬಣ್ಣಕ್ಕೂ ಕಂದುಬಣ್ಣಕ್ಕೂ ತಿರುಗುತ್ತದೆ. ನಮೀಬಿಯದ ಹಿಂಬಾ ಜನಾಂಗದ ಹೆಂಗಸರು ಬೆಣ್ಣೆಯೊಡನೆ ಕೆಮ್ಮಣ್ಣು ಕಲಸಿ ಮೈಗೆಲ್ಲ ಪೂಸಿಕೊಳ್ಳುತ್ತಾರೆ. ಅಂಥ ಕೆಮ್ಮಣ್ಣಿಗೆ ಬಿಸಿಲನ್ನು ತಡೆಯುವ ಶಕ್ತಿ ಉಂಟೆಂದು 2015ರ ಒಂದು ಅಧ್ಯಯನ ತೋರಿಸಿತು.

ಈ ಕೆಂಪು ಬಣ್ಣ ಕೇವಲ ಅಲಂಕಾರಕ್ಕಲ್ಲ. ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಮೆ. ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಕೊಟ್ಟ ವರ ಅದು. ಆದರೆ ಅದೇ ದ್ರವ್ಯ ಕೆನ್ನೆಯ ಮೇಲೆ ಬಂಗಾಗಿ ಹೆಪ್ಪುಗಟ್ಟುತ್ತದೆ. ಬಸಿರಿನ ನಂತರ ಬಂದ ಬಂಗನ್ನು ಪಿತ್ತವೆಂದೋ ದೃಷ್ಟಿಯೆಂದೋ ಹೇಳಿ ಕೈಬಿಟ್ಟವರು ಎಷ್ಟೋ ಮಂದಿ. ಬಂಗನ್ನು ಕೆರಳಿಸುವುದು ನೇರಳಾತೀತವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಬರಿಯ ಸತುವಾಗಲಿ ರಾಸಾಯನಿಕವಾಗಲಿ ಈ ಬೆಳಕಿಗೆ ಸಾಲದು. ಕಬ್ಬಿಣದ ಆಕ್ಸೈಡು ಬೆರೆತ ಬಣ್ಣದ ಲೇಪ ಅದನ್ನೂ ತಡೆಯುತ್ತದೆ. ಬಂಗು ಇರುವವರು ಕೇಳಿ ಕೊಳ್ಳಬೇಕಾದದ್ದು ಇದನ್ನು.

ಕೊಳ್ಳುತ್ತಿರುವುದು ಬೇರೆ. ಕಲೆ ಹೋಗಲಿ, ಮುಖ ಬೆಳ್ಳಗಾಗಲಿ ಎಂದು ಹೆಸರು ವಿಳಾಸವಿಲ್ಲದ ಡಬ್ಬಿಗಳನ್ನು ತರುತ್ತಾರೆ. ಅಂಥವುಗಳಲ್ಲಿ ಪಾದರಸವಿರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಇಂಥ ಬಿಳುಪಿನ ಲೇಪ ಬಳಸಿದವರ ಮೂತ್ರಪಿಂಡಗಳು ಕೆಟ್ಟುದನ್ನು ವೈದ್ಯರು ಪತ್ತೆಹಚ್ಚಿದರು. ಕಪ್ಪಾಗಿರುವುದು ರೋಗವಲ್ಲ. ಬಿಸಿಲಿನ ಲೇಪವನ್ನು ಬಿಳುಪಿನ ಲೇಪವೆಂದು ಮಾರುವ ಜಾಹೀರಾತುಗಾರರು ಚರ್ಮಕ್ಕೂ ಮನಸ್ಸಿಗೂ ಒಟ್ಟಿಗೇ ಅನ್ಯಾಯ ಮಾಡುತ್ತಿದ್ದಾರೆ.

ಇಲ್ಲಿ ಚನ್ನಪಟ್ಟಣದ ಬೊಂಬೆಯನ್ನು ನೆನೆಯದೆ ಇರಲಾಗದು. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮಗು ಆ ಬೊಂಬೆಯನ್ನು ಮೊದಲು ಬಾಯಿಗೇ ಇಡುವುದೆಂದು ತಾಯಿಗೆ ಗೊತ್ತು. ಆದುದರಿಂದ ಬಣ್ಣ ಯಾವುದರದು, ಅರಿಸಿನದ್ದೋ ನೀಲಿಯದೋ ಎಂದು ಕೇಳುತ್ತಾಳೆ. ತುಟಿಯ ಅಂಚಿಗೆ ಹಚ್ಚುವ ಲೇಪಕ್ಕೂ ಅದೇ ಪ್ರಶ್ನೆ ಸಲ್ಲಬೇಕು. ಭಾರತದಲ್ಲಿ ಸನ್‌ಸ್ಕ್ರೀನು 1940ರ ಕಾಯಿದೆಯ ಕೆಳಗೆ ಪ್ರಸಾಧನ ವಸ್ತು. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆಯೂ ಘಟಕಗಳ ಪಟ್ಟಿಯೂ ಇರಬೇಕು. ಮುಂಭಾಗದ ದೊಡ್ಡಕ್ಷರವನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರವನ್ನು ಓದಬೇಕು. ಜಿಂಕ್ ಎಂದು ಮುಂದೆ ಮೆರೆಸಿ, ಹಿಂದೆ ಆಕ್ಟಿನಾಕ್ಸೇಟನ್ನು ಸೇರಿಸಿರುವುದುಂಟು. ಪೂರ್ಣ ಖನಿಜವೆಂದು ಹೇಳಿಕೊಳ್ಳುವ ಕೆಲವಲ್ಲಿ ಬ್ಯೂಟೈಲಾಕ್ಟೈಲ್ ಸ್ಯಾಲಿಸಿಲೇಟ್ ಎಂಬ, ರಾಸಾಯನಿಕ ಲೇಪಗಳ ಹತ್ತಿರದ ನೆಂಟನೊಬ್ಬ ಅಡಗಿರುತ್ತಾನೆ. ಎಸ್‌ಪಿಎಫ್ 30 ಇದ್ದರೆ ಸಾಕು. ಅದು ಯುವಿ-ಬಿಯ ಶೇಕಡ 97ನ್ನು ತಡೆದರೆ 50 ತಡೆಯುವುದು 98ನ್ನು. ಯುವಿ-ಎಗೆ ‘ಪಿಎ’ ಗುರುತಿನ ಮುಂದಿನ ಕೂಡು ಚಿಹ್ನೆಗಳನ್ನು ಎಣಿಸಬೇಕು, ಮೂರಾದರೂ ಇರಲಿ. ಖನಿಜವೆಂಬ ಒಂದೇ ಮಾತಿಗೆ ಮರುಳಾಗಬಾರದು. 2025ರಲ್ಲಿ ಆಸ್ಟ್ರೇಲಿಯದ ಗ್ರಾಹಕ ಸಂಸ್ಥೆಯಾದ ಚಾಯ್ಸ್ 20 ಲೇಪಗಳನ್ನು ಪರೀಕ್ಷಿಸಿದಾಗ 16 ತಮ್ಮ ಮಾತಿಗೆ ತಪ್ಪಿದುವು; 50 ದಾಟಿದೆ ಎಂದು ಹೇಳಿಕೊಂಡಿದ್ದ ಒಂದು ಸತುವಿನ ಲೇಪ 4ಕ್ಕೆ ನಿಂತಿತು. ಪರೀಕ್ಷೆಯ ವರದಿಯನ್ನು ತೋರಿಸುವ ತಯಾರಕರಿಗೆ ಮೊದಲ ಮಣೆ ಹಾಕುವುದು ಜಾಣತನ.

ಇನ್ನು ಪ್ರಮಾಣದ ಮಾತು. ಆ ಅಂಕಿಗಳೆಲ್ಲ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದವು. ಜನ ಹಚ್ಚುವುದು ಅದರಲ್ಲಿ ಅರ್ಧವೋ ಕಾಲೋ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ ಬೇಕು. ಮುಖವೊಂದಕ್ಕೇ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಮಿನ ಕೊಳವೆ ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಮನೆಮಂದಿಗೆಲ್ಲ ಎಂದರೆ ಕೂಲಿಯವರ ಕೈಗೆ ಎಟುಕದ ಖರ್ಚು. ಸತುವಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಮನೆಯಲ್ಲೇ ಕಲಸಿಕೊಂಡರೆ ಆಗದೇ ಎಂದರೆ, ಆಗದು. ಕಣಗಳು ಗಂಟುಕಟ್ಟಿ ನಡುವೆ ತೂತುಗಳನ್ನು ಉಳಿಸುತ್ತವೆ. ಕ್ಯಾಲಮಿನ್ ಒಣಗಿ ಉದುರುತ್ತದೆ. ಹೊಲದವರಿಗೆ ಅಗಲ ಅಂಚಿನ ಟೋಪಿ, ತೋಳುದ್ದದ ಅಂಗಿ, ಮೂಗು ಕೆನ್ನೆಗಳಿಗೆ ಮಾತ್ರ ಲೇಪ ಎಂದು ಲೆಕ್ಕ ಹಾಕಿದರೆ ಕೊಳವೆಗೂ ಬಾಳಿಕೆ ಬಂದೀತು. ಶಾಲೆಗಳಲ್ಲಿ ಬೇಸಗೆಯ ಆಟದ ಪಿರಿಯಡ್ಡನ್ನು ಹತ್ತು ಗಂಟೆಯೊಳಗೆ ಮುಗಿಸುವುದಕ್ಕೆ ಒಂದು ಕಾಸೂ ತಗಲದು. ಆರು ತಿಂಗಳು ತುಂಬದ ಕೂಸಿಗೆ ಯಾವ ಲೇಪವೂ ಬೇಡ, ನೆರಳು ಸಾಕು. ಹಚ್ಚಿದ ಸತುವು ನೀರಿಗೆ ಸುಲಭವಾಗಿ ಬಿಡದು. ರಾತ್ರಿ ಮಲಗುವ ಮುನ್ನ ನಾಲ್ಕು ಹನಿ ಎಣ್ಣೆ ಸವರಿ, ಆಮೇಲೆ ಕಡಲೆಹಿಟ್ಟಿನಲ್ಲಿ ಮುಖ ತೊಳೆದರೆ ಹೋಗುತ್ತದೆ.